ಹೆಬ್ಬೆರಳಿನ ಉಗುರು

“ಸ್ನಾನ ಮಾಡಿಸಿ, ತಲೆ ಬಾಚಿ, ಮಗ್ಗುಲು ಬದಲಾಯಿಸಿ, ಏನು ಬೇಕಾದ್ರೂ ಮಾಡಿ. ಎಡಗೈ ಹೆಬ್ಬೆರಳಿನ ಉಗುರನ್ನ ಮಾತ್ರ ಕತ್ತರಿಸ್ಬೇಡಿ.”

“ಯಾಕೆ, ಅದರೊಳಗೆ ನಿಧಿ ಗಿಧಿ ಬಚ್ಚಿಟ್ಟಿದೀರಾ?” ಎಂದು ನರ್ಸ್ ನಕ್ಕಳು.

ಮುದುಕಿ ನಗಲಿಲ್ಲ. “ನಿಮಗಿಂತ ಮುಂಚೆ ಇಬ್ಬರು ಬಂದಿದ್ರು. ಅವರಿಗೂ ಇದನ್ನೇ ಹೇಳಿದೆ. ಹೆದರಿಕೊಂಡು ಬಿಟ್ಟುಹೋದ್ರು. ಹೆದರೋದು ಒಳ್ಳೇದೇ.”

“ಈ ಕಾಲದಲ್ಲೂ ಇಂಥದ್ದನ್ನೆಲ್ಲ ನಂಬ್ತೀರಾ ಅಮ್ಮ?”

“ನಂಬೋದು ಬಿಡೋದು ನಿಮ್ಮಿಷ್ಟ. ಕತ್ತರಿಸ್ಬೇಡಿ ಅಷ್ಟೆ.”

“ಯಾಕೆ ಅಂತಾದ್ರೂ ಹೇಳಿ.”

“ಹೇಳಿದ್ರೆ ನೀವು ಹೋಗಿ ಯಾರ ಹತ್ರ ಹೇಳ್ತೀರೋ ನನಗೇನು ಗೊತ್ತು?” ಎಂದವಳೇ ಮುದುಕಿ ತಿರುಗಿ ಮೆಟ್ಟಿಲಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹೊಲಿಗೆ ಮಿಷನ್ನಿನ ಟಕಟಕ ಸದ್ದು ಶುರುವಾಯಿತು.

ಅವಳನ್ನು ಬೀದಿಯವರೆಲ್ಲ ಹೊಲಿಗೆಯಮ್ಮ ಎನ್ನುತ್ತಿದ್ದರು. ಎಪ್ಪತ್ತರ ಆಚೆಯ ವಯಸ್ಸು. ಬಲಗೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಮಹಡಿಯ ಮೇಲೆ ಹಾಸಿಗೆ ಹಿಡಿದು ಮಲಗಿದವಳನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಲಾಗದೆ ನರ್ಸನ್ನು ಕರೆಸಿಕೊಂಡಿದ್ದಳು. ಆದರೂ ಎಡಗೈಯೊಂದರಲ್ಲೇ ಬಟ್ಟೆ ದೂಡುತ್ತ, ಕಾಲಿನಿಂದ ಮಿಷನ್ ತುಳಿಯುತ್ತ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದನ್ನು ನಿಲ್ಲಿಸಿರಲಿಲ್ಲ. ನರ್ಸ್ ಬೆಳಿಗ್ಗೆ ಏಳಕ್ಕೆ ಬಂದಾಗಲೂ ಅದೇ ಸದ್ದು, ಸಂಜೆ ಆರಕ್ಕೆ ಹೊರಟಾಗಲೂ ಅದೇ ಸದ್ದು. ಮುದುಕಿಯ ಕಣ್ಣುಗಳು ಸದಾ ಕೆಂಡದಂತೆ ಕೆಂಪಾಗಿರುತ್ತಿದ್ದವು. ಇವಳು ಮಲಗುವುದಾದರೂ ಯಾವಾಗ ಎಂದು ನರ್ಸಿಗೆ ಮೊದಲ ದಿನವೇ ಅನುಮಾನ ಬಂತು.

ಅನುಮಾನ ಅವಳ ಹುಟ್ಟುಗುಣ. ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಜೊತೆಯವರು ಅವಳನ್ನು ಸಿಐಡಿ ಎಂದೇ ಕರೆಯುತ್ತಿದ್ದರು. ಯಾವ ರೋಗಿ ಮಾತ್ರೆಯನ್ನು ದಿಂಬಿನ ಕೆಳಗೆ ತಳ್ಳಿದ, ಯಾವ ಮಗ ಪ್ರಜ್ಞೆಯಿಲ್ಲದ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಾಗದ ಹಿಡಿದು ಬಂದ, ಎಲ್ಲವೂ ಅವಳ ಮೂಗಿಗೆ ಮೊದಲು ಬಡಿಯುತ್ತಿತ್ತು. ಅಂಥವಳ ಮೂಗಿಗೆ ಈ ಮನೆಯ ಮಹಡಿಯ ಕೋಣೆ ಮೆಟ್ಟಿಲಲ್ಲೇ ವಾಸನೆ ಹೊಡೆಯಿತು. ಮಿಷನ್ ಎಣ್ಣೆಯ ಕಮಟು, ಸುಟ್ಟ ದಾರದ ಕಹಿ ಹೊಗೆ, ಅದರಡಿಯಲ್ಲಿ ಒದ್ದೆ ಕಬ್ಬಿಣದಂಥ ಏನೋ ಒಂದು.

ಕೋಣೆಯಲ್ಲಿ ಹಗಲು ಎಂಬುದೇ ಇರಲಿಲ್ಲ. ಕಿಟಕಿಯ ಎರಡೂ ಪರದೆಗಳನ್ನು ನಡುವೆ ಸೇರಿಸಿ ಕಪ್ಪು ದಾರದಿಂದ ಹೊಲಿದುಬಿಟ್ಟಿದ್ದರು. ಮಂಚದಿಂದ ಏಳೆಂಟು ಅಡಿ ದೂರದಲ್ಲಿ ಒಂದು ಮರದ ಕುರ್ಚಿ. ಅದರ ನಾಲ್ಕೂ ಕಾಲುಗಳನ್ನು ನೆಲದ ಹಲಗೆಗೆ ಮೊಳೆ ಹೊಡೆದು ಕೂರಿಸಿತ್ತು. ಕುರ್ಚಿಯ ಮುಂದೆ ಎರಡು ಹಲಗೆಗಳ ಸಂದಿಯಲ್ಲಿ, ಈ ಗೋಡೆಯಿಂದ ಆ ಗೋಡೆಯವರೆಗೆ, ಬಿಗಿಯಾಗಿ ಎಳೆದು ಹುದುಗಿಸಿದ ಕಪ್ಪು ದಾರ. ನರ್ಸ್ ಅದನ್ನು ಬೆರಳಿನಿಂದ ಮೀಟಿ ನೋಡಿದಳು. ಅದು ಗುಂಯ್ ಎಂದಿತು.

ಮಂಚದ ಮೇಲೆ ಮಲಗಿದವಳು ಹೊಲಿಗೆಯಮ್ಮನ ತಂಗಿಯ ಮಗಳು. ಕಾಗದಪತ್ರದ ಪ್ರಕಾರ ಮೂವತ್ತೈದು ವರ್ಷ. ಮುಖ ಇಪ್ಪತ್ತನಾಲ್ಕರದ್ದು. ಹನ್ನೊಂದು ವರ್ಷಗಳಿಂದ ಕಣ್ಣು ಬಿಟ್ಟಿಲ್ಲವಂತೆ. ದಿನಕ್ಕೆ ಎರಡು ಚಮಚ ಬಾರ್ಲಿ ನೀರು, ಅಷ್ಟೇ ಆಹಾರ. ನರ್ಸ್ ಅವಳನ್ನು ಹೊರಳಿಸಿ ಬೆನ್ನು ನೋಡಿದಳು. ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ. ಒಂದು ತಿಂಗಳು ಮಲಗಿದವರ ಬೆನ್ನೇ ಕಿತ್ತುಬರುವುದನ್ನು ಕಂಡಿದ್ದ ಅವಳಿಗೆ ಇದು ಸರಿ ಎನಿಸಲಿಲ್ಲ. ಮುದುಕಿ ಆಚೆ ಹೋದ ಕೂಡಲೆ ಬಾರ್ಲಿ ನೀರನ್ನು ಮೂಸಿದಳು, ನಾಲಿಗೆಗೆ ಮುಟ್ಟಿಸಿಕೊಂಡಳು. ಬರೀ ಬಾರ್ಲಿ ನೀರು.

ಆಮೇಲೆ ಆ ಕೈ. ಒಂಬತ್ತು ಬೆರಳಿನ ಉಗುರುಗಳು ಎಲ್ಲರ ಉಗುರಿನಂತೆ ಬೆಳೆದಿದ್ದವು. ಎಡಗೈ ಹೆಬ್ಬೆರಳಿನದು ಮಾತ್ರ ಬೆಳೆದಿರಲಿಲ್ಲ. ಅದರ ಕೆಳಗೆ, ಚರ್ಮದೊಳಗೆ, ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಗೆರೆ. ನರ್ಸ್ ಕತ್ತರಿಸಿದ ಒಂಬತ್ತು ಉಗುರಿನ ಚೂರುಗಳನ್ನು ಹೊಲಿಗೆಯಮ್ಮ ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿಕೊಂಡು, ಕೆಳಗೆ ಹೋಗಿ ದಾರದ ಜೊತೆ ಸುಟ್ಟಳು. ಕಹಿ ಹೊಗೆ ಮೆಟ್ಟಿಲೇರಿ ಬಂತು. ಇದು ಮಾಟವಲ್ಲ, ಆ ಕಪ್ಪು ಗೆರೆಯಲ್ಲಿರುವುದು ವಿಷ, ಮಾಟದ ವೇಷ ಹಾಕಿದೆ ಅಷ್ಟೆ ಎಂದು ನರ್ಸ್ ಮನಸ್ಸಿನಲ್ಲೇ ಬರೆದುಕೊಂಡಳು.

ಬೀದಿಯ ಕತೆಯನ್ನು ಎದುರಿನ ಔಷಧಿ ಅಂಗಡಿಯವನು ಹೇಳಿದ. ಈ ಬೀದಿಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಆ ಕತೆ ಬಾಯಿಪಾಠ.

“ಆ ಹುಡುಗಿ ಮದುವೆಗೆ ಈ ಮುದುಕೀನ ಕರೀಲಿಲ್ಲ ನೋಡಿ. ಕೆಟ್ಟ ಬಾಯಿ, ಯಾರು ಕರೀತಾರೆ? ಕರೀದೇ ಇದ್ರೂ ಬಂದ್ಲು. ಎಲ್ಲರ ಎದುರಿಗೆ ನಿಂತು, ಈ ಹುಡುಗಿ ಈ ಮನೇಲಿ ಬಾಳೋದಿಲ್ಲ ಅಂದ್ಲು. ವರ್ಷ ತುಂಬೋದ್ರೊಳಗೆ ಹುಡುಗಿ ಇವಳ ಮನೇಗೆ ಬಂದು, ಸೂಜಿ ಚುಚ್ಚಿಕೊಂಡು, ಮಲಗಿದೋಳು ಮಲಗಿದ ಹಾಗೇ.”

“ಗಂಡ?”

“ಗಂಡ ಅಂದ್ರೆ ನಮ್ಮ ಮೇಷ್ಟ್ರು! ದೇವರಂಥ ಮನುಷ್ಯ. ಮೊದಲನೇ ಹೆಂಡ್ತಿ ಮಹಡಿಯಿಂದ ಬಿದ್ದು ಹೋದ್ಲು, ಎರಡನೆಯವಳದು ಹೀಗೆ. ಬೇರೆಯವನಾಗಿದ್ರೆ ಮೂರನೇದು ಕಟ್ಟಿಕೊಳ್ತಿದ್ದ. ಇವರು ದಿನಾ ನಾಲ್ಕು ಗಂಟೆಗೆ ಬಂದು ನೋಡಿಕೊಂಡು ಹೋಗ್ತಾರೆ. ಒಂದು ದಿನ ತಪ್ಪಿಸಿಲ್ಲ.”

ಮಹಡಿಯಿಂದ ಬಿದ್ದಳು ಎಂಬ ಮಾತಿಗೆ ಸಿಐಡಿಯ ಮೂಗು ಅರಳಬೇಕಿತ್ತು. ಅರಳಲಿಲ್ಲ. ಅವಳ ಮೂಗು ಆಗಲೇ ಮುದುಕಿಯ ಸೆರಗಿಗೆ ಅಂಟಿಕೊಂಡುಬಿಟ್ಟಿತ್ತು.

ನಾಲ್ಕಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಐವತ್ತರ ಹತ್ತಿರದವರು, ಒಗೆದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಉದ್ದನೆಯ ಮರದ ಸ್ಕೇಲು. ಹೊಲಿಗೆಯಮ್ಮ ಬೀಗ ತೆಗೆದು ಒಳಗೆ ಬಿಟ್ಟು ಮತ್ತೆ ಬೀಗ ಹಾಕಿದಳು. ಅವರು ಮೇಲೆ ಬಂದು ಮೊಳೆ ಹೊಡೆದ ಕುರ್ಚಿಯಲ್ಲಿ ಕುಳಿತರು. ದಾರದ ಗೆರೆ ದಾಟಲಿಲ್ಲ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, “ಇವತ್ತು ಕಣ್ಣು ಬಿಟ್ಟಳಾ ಸಿಸ್ಟರ್?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ ಸರ್.”

ಅವರು ಪುಸ್ತಕದಲ್ಲಿ ಒಂದು ಗುರುತು ಹಾಕಿದರು. ಶಾಲೆಯ ಹಾಜರಿ ಪುಸ್ತಕದ ಹಾಗೆ ಪುಟದ ತುಂಬ ಚೌಕ. ಪ್ರತಿ ಚೌಕದಲ್ಲೂ ಗೈರು, ಗೈರು, ಗೈರು. ಹನ್ನೊಂದು ವರ್ಷದ ಒಂದೊಂದು ದಿನವನ್ನೂ ಬರೆದಿಟ್ಟುಕೊಂಡಿದ್ದಾರಲ್ಲ ಎಂದು ನರ್ಸಿಗೆ ಕರುಳು ಚುರ್ ಎಂದಿತು. ಇಂಥ ಗಂಡ ನನ್ನ ತಂಗಿಗೆ ಸಿಕ್ಕಿದ್ದರೆ ಎಂದುಕೊಂಡಳು.

ತಂಗಿಯದೊಂದು ಚಿಂತೆ ಅವಳಿಗೆ ಇದ್ದೇ ಇತ್ತು. ಎರಡು ವರ್ಷದ ಹಿಂದೆ ತಂಗಿ ಗಂಡನ ಮನೆ ಬಿಟ್ಟು ಚೀಲ ಹಿಡಿದು ಬಂದಿದ್ದಳು. ಏನಾಯಿತು ಎಂದರೆ ಬಾಯಿ ಬಿಡಲಿಲ್ಲ. ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ, ಬಸ್ಸಿಗೆ ಹತ್ತಿಸಿ ವಾಪಸು ಕಳಿಸಿದವಳು ಇವಳೇ. ಈಗ ಫೋನ್ ಮಾಡಿದಾಗಲೆಲ್ಲ ತಂಗಿ ಪಿಸುಗುಟ್ಟುತ್ತಾಳೆ. “ಅವರಿದ್ದಾರೆ. ಹೋದ್ಮೇಲೆ ಮಾಡ್ತೀನಿ.” ಮತ್ತೆ ಮಾಡುವುದಿಲ್ಲ. ಸಂಸಾರದ ಗಡಿಬಿಡಿ ಎಂದು ಅಕ್ಕ ಸುಮ್ಮನಾಗಿದ್ದಳು. ಊರಿನವರ ಮೇಲೆಲ್ಲ ಅನುಮಾನಪಡುವವಳಿಗೆ ಆ ಪಿಸುಮಾತಿನ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಒಂದು ದಿನ ಅವಳು ಹೊಲಿಗೆಯಮ್ಮನನ್ನು ಕೇಳಿಯೇಬಿಟ್ಟಳು. “ಅವರನ್ನ ಹತ್ತಿರ ಬಿಡೋದಿಲ್ಲ, ಒಳಗೆ ಮಾತ್ರ ಬಿಡ್ತೀರಿ. ಯಾಕೆ?”

“ನಾಲ್ಕು ಗಂಟೆಗೆ ಅವನು ಎಲ್ಲಿರ್ತಾನೆ ಅಂತ ನನಗೆ ಗೊತ್ತಿರ್ಬೇಕು.” ಮುದುಕಿ ದಾರ ಕಚ್ಚಿ ತುಂಡು ಮಾಡಿದಳು. “ಇವಳು ಉಸಿರಾಡ್ತಾ ಇರೋವರೆಗೂ ಅವನು ಹೆಂಡ್ತಿ ಇರೋನು. ಇನ್ನೊಂದು ಹೆಣ್ಣು ಯಾರೂ ಕೊಡೋದಿಲ್ಲ.”

ಎಂಥ ಹೊಟ್ಟೆಕಿಚ್ಚು ಎಂದುಕೊಂಡಳು ನರ್ಸ್. ತಾನೂ ಬಾಳದೆ, ಇನ್ನೊಬ್ಬರನ್ನೂ ಬಾಳಗೊಡದೆ!

ಮಾರನೆಯ ದಿನ ಮೇಷ್ಟ್ರು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಧ್ವನಿ ತಗ್ಗಿಸಿದರು. “ಸಿಸ್ಟರ್, ನೀವು ಓದಿದವರು. ಆ ಹೆಬ್ಬೆರಳಿನಲ್ಲಿ ಏನೋ ಇದೆ. ನಿಮಗೂ ಕಂಡಿರುತ್ತೆ.”

“ಕಂಡಿದೆ ಸರ್.”

“ನಾಳೆ ನಾನು ಬರೋ ಹೊತ್ತಿಗೆ ಅದನ್ನ ತೆಗೆದುಬಿಡಿ. ಬಾಗಿಲ ಬೀಗ ಒಂದು ತೆಗೆದಿಟ್ಟಿರಿ, ಗೊತ್ತಾದ್ರೆ ಆಕೆ ನನ್ನನ್ನ ಒಳಗೆ ಬಿಡೋದಿಲ್ಲ. ಕಣ್ಣು ಬಿಟ್ಟ ಕೂಡಲೆ ಅವಳು ಮೊದಲು ನನ್ನ ಮುಖ ನೋಡ್ಬೇಕು. ಅಷ್ಟೇ ನನ್ನಾಸೆ.”

ಅವರ ಕಣ್ಣಲ್ಲಿ ನೀರಿತ್ತು. ಅವಳು ಆಗಲಿ ಎಂದಳು.

ಮರುದಿನ ಮೂರೂವರೆಗೆ ಅವಳು ಪಾರ್ಸೆಲ್ ಬರುತ್ತದೆ ಎಂದು ಸುಳ್ಳು ಹೇಳಿ ಬೀಗದ ಕೈ ಇಸಿದುಕೊಂಡಳು, ಬಾಗಿಲು ತೆಗೆದಳು, ಹಾಗೇ ಒರಗಿಸಿ ಮೇಲೆ ಬಂದಳು. ಹೊಲಿಗೆಯಮ್ಮ ತಲೆಯೆತ್ತಲಿಲ್ಲ. ಕೆಳಗೆ ಮಿಷನ್ ಟಕಟಕ ಎನ್ನುತ್ತಲೇ ಇತ್ತು.

ಕೋಣೆಯ ಕತ್ತಲೆಯಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಅವಳು ಮಂಚದ ಅಂಚಿಗೆ ಕುಳಿತಳು. ಸ್ಪಿರಿಟ್ಟಿನಲ್ಲಿ ಅದ್ದಿದ ಕತ್ತರಿಯಿಂದ ಉಗುರಿನ ತುದಿಯನ್ನು ಒಂದು ಎಳೆಯಷ್ಟು ಕತ್ತರಿಸಿದಳು. ಒದ್ದೆ ಕಬ್ಬಿಣದ ವಾಸನೆ ಭಗ್ಗನೆ ಮೂಗಿಗೆ ಹೊಡೆಯಿತು. ಕಪ್ಪು ತುದಿ ಇಣುಕಿತು. ಚಿಮಟದಿಂದ ಹಿಡಿದು ಎಳೆದಳು. ಬಂತು. ಅಕ್ಕಿಕಾಳಿನಷ್ಟು ಎಂದುಕೊಂಡಿದ್ದರೆ ಬೆರಳಿನ ಗೆಣ್ಣಿನಷ್ಟು ಉದ್ದ ಬಂತು. ಮುರಿದ ಹೊಲಿಗೆ ಸೂಜಿ. ಹನ್ನೊಂದು ವರ್ಷ ಮೈಯೊಳಗಿದ್ದೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಬಿಸಿಯಾಗಿತ್ತು.

ಕೆಳಗೆ ಮಿಷನ್ ನಿಂತಿತು.

ನೆಲದ ಸಂದಿಯಲ್ಲಿ ಏನೋ ಪಟ್ ಎಂದಿತು. ಟಾರ್ಚ್ ತಿರುಗಿಸಿದಳು. ಬಿಗಿಯಾಗಿದ್ದ ದಾರ ನಡುವೆ ಹರಿದು ಎರಡೂ ಕಡೆಗೆ ಸುರುಳಿ ಸುತ್ತಿಕೊಂಡಿತ್ತು. ನರ್ಸಿನ ಬೆನ್ನಿನಲ್ಲಿ ಮೊದಲ ಸಲ ಚಳಿ ಹರಿಯಿತು. ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಂಡಳು.

ಮಲಗಿದವಳು ಕಣ್ಣು ಬಿಟ್ಟಳು.

ಕತೆಗಳಲ್ಲಿ ಹೀಗೆ ಎದ್ದವರು ನಗುತ್ತಾರೆ. ಇವಳು ನಗಲಿಲ್ಲ. ಕಣ್ಣುಗಳು ಬಾಗಿಲಿಗೆ ಹೋದವು, ಕುರ್ಚಿಗೆ ಹೋದವು, ಮತ್ತೆ ಬಾಗಿಲಿಗೆ ಹೋದವು. ತುಟಿ ಅಲುಗಿತು. ಹನ್ನೊಂದು ವರ್ಷ ಬಳಸದ ಧ್ವನಿ ಪಿಸುಗುಟ್ಟಿತು.

“ಅವರು ಹೋದ್ರಾ?”

ಆ ಪಿಸುಮಾತು ನರ್ಸಿಗೆ ಗೊತ್ತು. ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದದ್ದು ಅದನ್ನೇ. ಅದೇ ಬಿಗಿಹಿಡಿದ ಉಸಿರು, ಬಾಗಿಲ ಕಡೆಗೇ ನೆಟ್ಟ ಅದೇ ಕಿವಿ. ಅಯ್ಯೋ, ನಾನೇನು ಮಾಡಿಬಿಟ್ಟೆ ಎಂದು ಅವಳ ಎದೆ ಒಡೆಯಿತು.

“ಯಾರು? ನಿಮ್ಮ ಗಂಡನಾ?”

“ಮೊದಲನೆಯವಳು ಬೀಳ್ಲಿಲ್ಲ.” ಮಾತು ತುಂಡುತುಂಡಾಗಿ ಬಂತು. “ಅವರೇ ನನಗೆ ಹೇಳಿದ್ರು, ನಗ್ತಾ ಹೇಳಿದ್ರು. ಮನೆಯವರೆಲ್ಲ ಹೊಂದಿಕೊಂಡು ಹೋಗು ಅಂತ ವಾಪಸ್ ಕಳಿಸ್ತಿದ್ರು. ನಾನೇ ದೊಡ್ಡಮ್ಮನ ಹತ್ರ ಬಂದೆ. ನಾನೇ ಬೆರಳು ಚಾಚಿದೆ. ಅವರು ಸಾಯೋವರೆಗೂ ನನ್ನನ್ನ ಮಲಗಿಸಿಬಿಡು ಅಂದೆ. ಯಾಕೆ ಎಬ್ಬಿಸಿದ್ರಿ? ಅವರು ಸತ್ರಾ?”

“ಇಲ್ಲ.”

“ಹಾಗಾದ್ರೆ ವಾಪಸ್ ಚುಚ್ಚಿ.” ಅವಳು ಎಡಗೈ ಚಾಚಿದಳು. “ಬೇಗ ಚುಚ್ಚಿ. ಚುಚ್ಚಿದವರ ನಿದ್ದೆ ಸೂಜಿಗೆ ಹೋಗುತ್ತೆ, ಆಮೇಲೆ ನಿಮಗೆ ಕಣ್ಣು ಮುಚ್ಚೋಕಾಗೋದಿಲ್ಲ. ದೊಡ್ಡಮ್ಮ ಚುಚ್ಚೋ ಮುಂಚೇನೇ ಹೇಳಿದ್ರು, ಅವರಿಗೂ ಹಾಗೇ ಆಗಿರುತ್ತೆ. ತಪ್ಪು ತಿಳೀಬೇಡಿ. ನನಗೆ ಬೇರೆ ದಾರಿಯಿಲ್ಲ.”

ಕೆಳಗೆ ಬಾಗಿಲು ಕಿರ್ ಎಂದಿತು.

“ದೊಡ್ಡಮ್ಮ ತಡೀತಾರೆ” ಎಂದಳು ಎದ್ದವಳು. ನರ್ಸ್ ಕಿವಿಗೊಟ್ಟಳು. ಕೆಳಗೆ ಮಾತಿಲ್ಲ, ಜಗಳವಿಲ್ಲ. ಮುದುಕಿಯ ದೀರ್ಘ ಗೊರಕೆಯೊಂದು ಮಾತ್ರ ಕೇಳಿಸಿತು. ಹನ್ನೊಂದು ವರ್ಷದ ನಿದ್ದೆ ಅವಳ ಮೇಲೆ ಒಟ್ಟಿಗೇ ಬಂದು ಬಿದ್ದಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ. ಅವಸರವಿಲ್ಲದ ಹೆಜ್ಜೆ. ಸ್ಕೇಲಿನ ತುದಿ ಗೋಡೆಗೆ ತಾಗುತ್ತ ಬರುವ ಸದ್ದು. ಟಕ್. ಟಕ್. ಟಕ್.

ಅವನು ಬಂದ. ಕುರ್ಚಿಯ ಪಕ್ಕ ನಿಂತ. ಹರಿದ ದಾರವನ್ನು ನೋಡಿದ. ನಿಧಾನವಾಗಿ ಒಂದು ಕಾಲನ್ನು ಗೆರೆಯಾಚೆ ಇಟ್ಟ. ಏನೂ ಆಗಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟ.

“ಥ್ಯಾಂಕ್ಸ್ ಸಿಸ್ಟರ್. ಬಾಗಿಲು ಹಾಕಿಕೊಂಡು ಹೋಗಿ.” ಧ್ವನಿ ಅದೇ, ಅಷ್ಟೇ ಮೃದು. ಹಾಜರಿ ಪುಸ್ತಕವನ್ನು ಜೇಬಿನಿಂದ ತೆಗೆದು ಮಂಚದ ಮೇಲಿಟ್ಟ. “ನಾಲ್ಕು ಸಾವಿರದ ಹದಿನೆಂಟು ದಿನ ಗೈರು. ಒಂದು ದಿನಾನೂ ರಜಾಚೀಟಿ ಇಲ್ಲ.”

ಎದ್ದವಳು ಗೋಡೆಗೆ ಅಂಟಿಕೊಂಡಳು. ಕೂಗಲಿಲ್ಲ. ಕೂಗಿ ಫಲವಿಲ್ಲವೆಂದು ಕಲಿತವಳ ಹಾಗೆ ಬಾಯಿಗೆ ಸೆರಗು ತುರುಕಿಕೊಂಡಳು.

“ಕೈ ಚಾಚು” ಎಂದು ಅವನು ಸ್ಕೇಲನ್ನು ಎತ್ತಿದ.

“ಸರ್, ಬೇಡ.”

“ನೀವಿನ್ನೂ ಇದೀರಾ?” ಅವನು ತಿರುಗಿದ. ಅವಳು ಇದುವರೆಗೆ ನೋಡಿರದ ಮುಖ. ಅಲ್ಲ, ಇದುವರೆಗೂ ನೋಡುತ್ತಿದ್ದ ಮುಖವೇ. “ಆಮೇಲೆ ನಿಮ್ಮ ಸರದಿ.”

ಹಟ ಮಾಡುವ ರೋಗಿಗಳ ಕೈ ಹಿಡಿದು ಅವಳಿಗೆ ಹದಿನಾಲ್ಕು ವರ್ಷದ ಅಭ್ಯಾಸ. ಮಣಿಕಟ್ಟಿನ ಒಳಗಡೆ ಎಲ್ಲಿ ಒತ್ತಿದರೆ ಮುಷ್ಟಿ ಬಿಚ್ಚುತ್ತದೆ ಎಂಬುದು ಅವಳ ಬೆರಳಿಗೇ ಗೊತ್ತು. ಒತ್ತಿದಳು. ಸ್ಕೇಲು ಬಿತ್ತು. ಚಿಮಟ ಬಲಗೈಯಲ್ಲೇ ಇತ್ತು. ಸೂಜಿ ಚಿಮಟದಲ್ಲೇ ಇತ್ತು. ಅವನ ಎಡಗೈ ಅವಳ ಕೂದಲಿಗೆ ಬಂತು. ಜಗ್ಗಿತು. ಕಣ್ಣು ಕತ್ತಲಿಟ್ಟಿತು. ಅವನ ಬಲ ಹೆಬ್ಬೆರಳು ಸಿಕ್ಕಿತು. ಉಗುರು ಸಿಕ್ಕಿತು. ಚುಚ್ಚಿದಳು.

ಅವನು ಕಿರುಚಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಒಂದು ಹೆಜ್ಜೆ ಹಿಂದಕ್ಕೆ ಹೋದ, ಇನ್ನೊಂದು ಹೆಜ್ಜೆ ಹೋದ. ಯಾರೋ ಹಗ್ಗ ಕಟ್ಟಿ ಎಳೆದಂತೆ ಹೋಗಿ ಮೊಳೆ ಹೊಡೆದ ಕುರ್ಚಿಯಲ್ಲಿ ಕುಳಿತ. ನೆಲದ ಮೇಲೆ ಹರಿದ ದಾರದ ಎರಡು ತುದಿಗಳು ಹುಳುಗಳಂತೆ ತೆವಳಿ ಬಂದು ಒಂದಕ್ಕೊಂದು ಗಂಟು ಹಾಕಿಕೊಂಡವು. ಅವನ ಕಣ್ಣು ಮಾತ್ರ ಮುಚ್ಚಲಿಲ್ಲ. ತಾನಾಗಿ ಬೆರಳು ಚಾಚಿದವಳಿಗೆ ನಿದ್ದೆ ಬಂದಿತ್ತು. ಚಾಚದವನಿಗೆ ಅದೂ ಸಿಗಲಿಲ್ಲ. ಅವನು ಎಚ್ಚರವಾಗೇ ಇದ್ದ. ಕಣ್ಣುಗಳು ನರ್ಸನ್ನು ಹಿಂಬಾಲಿಸುತ್ತಿದ್ದವು.

ಎದ್ದವಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಮುಖದಲ್ಲಿ ಕಳೆದ ವರ್ಷಗಳು ಮರಳಿ ಬರುತ್ತಿದ್ದವು. ಕಣ್ಣಿನ ಸುತ್ತ ಗೆರೆ, ಕಿವಿಯ ಹತ್ತಿರ ಒಂದು ಬಿಳಿಕೂದಲು. ಕೆಳಗೆ ಗೋಡೆಯ ಮೇಲಿದ್ದ ಕನ್ನಡಿಯ ಮುಂದೆ ನಿಂತು ಆ ಬಿಳಿಕೂದಲನ್ನು ಮುಟ್ಟಿ ನೋಡಿಕೊಂಡು, ಮೊದಲ ಸಲ ನಕ್ಕಳು. ಮಿಷನ್ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದ ದೊಡ್ಡಮ್ಮನ ಬೆನ್ನಿಗೆ ಅರ್ಧ ಹೊಲಿದ ಸಮವಸ್ತ್ರವನ್ನೇ ಹೊದಿಸಿದಳು.

“ಎಲ್ಲಿಗೆ ಹೋಗ್ತೀರಿ?” ನರ್ಸ್ ತನ್ನ ಚಪ್ಪಲಿ ಬಿಚ್ಚಿಕೊಟ್ಟಳು.

“ಎಲ್ಲಿಗಾದ್ರೂ. ಮೊದಲು ನಡೀಬೇಕು.” ಹೊಸ್ತಿಲಲ್ಲಿ ನಿಂತು ಹಿಂತಿರುಗಿದಳು. “ಸೂಜಿ ಆಚೆ ಬಂದ್ರೆ ಚುಚ್ಚಿದವರಿಗೆ ನಿದ್ದೆ ಬರುತ್ತೆ. ನಿಮಗೆ ನಿದ್ದೆ ಬಂದ್ರೆ, ಅಕ್ಕ, ಓಡಿ.”

ಮೇಷ್ಟ್ರಿಗೆ ಲಕ್ವ ಹೊಡೆದಿದೆ ಎಂದರು ಡಾಕ್ಟರು. ನಾಲ್ಕು ಜನ ಸೇರಿದರೂ ಅವನನ್ನು ಕುರ್ಚಿಯಿಂದ ಎಬ್ಬಿಸಲಾಗಲಿಲ್ಲ, ಮೊಳೆ ಕೀಳಲು ಬಂದ ಬಡಗಿಯ ಇಕ್ಕಳ ಎರಡು ತುಂಡಾಯಿತು. ಔಷಧಿ ಅಂಗಡಿಯವನ ಬಳಿ ಹೊಸ ಕತೆ ತಯಾರಾಯಿತು. ಮುದುಕಿಯ ಮಾಟ ದೇವರಂಥ ಮನುಷ್ಯನಿಗೇ ತಿರುಗಿತಂತೆ, ಎದ್ದ ಹೆಂಡತಿ ತಿರುಗಿಯೂ ನೋಡದೆ ಓಡಿಹೋದಳಂತೆ, ಎಂಥ ಹೆಂಗಸರಪ್ಪಾ! ನರ್ಸಿನ ಪಾಲಿಗೆ ಮಾತ್ರ ಹೊಗಳಿಕೆ ಬಂತು. ಪುಣ್ಯಾತ್ಗಿತ್ತಿ, ಮನೆಗೂ ಹೋಗದೆ ಮೇಷ್ಟ್ರನ್ನೂ ನಿದ್ದೆಯಿಂದ ಏಳದ ಮುದುಕಿಯನ್ನೂ ನೋಡಿಕೊಳ್ಳುತ್ತಿದ್ದಾಳೆ.

ಮನೆಗೆ ಹೇಗೆ ಹೋಗುತ್ತಾಳೆ? ಮಲಗಿದವಳ ಹೆಬ್ಬೆರಳಿನ ಉಗುರು ಬೆಳೆಯುತ್ತಿರಲಿಲ್ಲ. ಇವನದು ಬೆಳೆಯುತ್ತಿತ್ತು. ಮೂರನೆಯ ದಿನವೇ ಅವಳು ಗಮನಿಸಿದಳು. ಉಗುರು ಬೆಳೆದಷ್ಟೂ ಸೂಜಿಯನ್ನು ಕೂದಲೆಳೆಯಷ್ಟು ಆಚೆಗೆ ದೂಡುತ್ತಿತ್ತು. ಹೊಲಿಗೆಯಮ್ಮ ಬೆರಳಿಗೆ ಹಾಕಿಕೊಳ್ಳುತ್ತಿದ್ದ ತಗಡಿನ ಟೋಪಿಯನ್ನು ತೊಟ್ಟು ಅವಳು ಅದನ್ನು ಮತ್ತೆ ಒಳಗೆ ಒತ್ತುತ್ತಿದ್ದಳು, ಗಂಟೆಗೊಮ್ಮೆ ಒತ್ತುತ್ತಿದ್ದಳು. ಉಗುರಿನ ತುದಿಯೇ ಈಗ ಸೂಜಿಯ ಬುಡವನ್ನು ಬಿಗಿಹಿಡಿದಿತ್ತು. ಕತ್ತರಿಸಿದರೆ ಮುಗಿಯಿತು. ಅವನ ಕಣ್ಣು ಅದನ್ನೇ ನೋಡುತ್ತಿರುತ್ತಿತ್ತು, ತಾಳ್ಮೆಯಿಂದ, ಪರೀಕ್ಷೆಯ ಕೋಣೆಯಲ್ಲಿ ಕುಳಿತ ಮೇಷ್ಟ್ರ ಹಾಗೆ. ಅವಳಿಗೆ ರೆಪ್ಪೆ ಮುಚ್ಚಿದರೂ ಒಳಗೆ ಕತ್ತಲಾಗುತ್ತಿರಲಿಲ್ಲ. ನಿದ್ದೆಯಿಲ್ಲದ ತಲೆಯಲ್ಲಿ ಮರಳು ತುಂಬಿದಂತಿತ್ತು. ಒಂದೊಂದು ಸಲ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಹತ್ತನೆಯ ದಿನ ತಂಗಿಗೆ ಫೋನ್ ಮಾಡಿದಳು.

“ಅವರಿದ್ದಾರೆ ಅಕ್ಕ. ಹೋದ್ಮೇಲೆ...”

“ಹೋದ್ಮೇಲೆ ಫೋನ್ ಮಾಡ್ಬೇಡ. ಹೋದ್ಮೇಲೆ ಚೀಲ ತಗೊಂಡು ಹೊರಡು, ನಾನು ಕೆಲಸ ಮಾಡೋ ಹೊಲಿಗೆಯಮ್ಮನ ಮನೆಗೇ ಬಾ. ನಾನು ಏನೂ ಕೇಳೋದಿಲ್ಲ. ಆವತ್ತು ನಿನ್ನನ್ನ ವಾಪಸ್ ಕಳಿಸಿದ್ದು ನನ್ನದೇ ತಪ್ಪು. ಕ್ಷಮಿಸಿಬಿಡು.”

ಆ ಕಡೆ ತಂಗಿ ಅಳುವುದು ಕೇಳಿಸಿತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಮೇಷ್ಟ್ರ ಅಕ್ಕ ಬಂದಳು. ದೂರದ ಊರಿನಿಂದ ವಾರಕ್ಕೊಮ್ಮೆ ಬರುತ್ತಿದ್ದವಳು. ಒಳ್ಳೆಯ ಹೆಂಗಸು, ತಮ್ಮನ ಮೇಲೆ ಪ್ರಾಣ. ಕುರ್ಚಿಯ ಪಕ್ಕ ಕುಳಿತು ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಯ್ಯೋ, ಏನಿದು ಸಿಸ್ಟರ್, ಹೆಬ್ಬೆರಳಿನ ಉಗುರು ಇಷ್ಟುದ್ದ ಬಿಟ್ಟಿದೀರಲ್ಲ? ನಮ್ಮ ತಮ್ಮ ಎಷ್ಟು ನೀಟಾಗಿದ್ದ ಗೊತ್ತಾ?”

“ಅದೊಂದನ್ನ ಮುಟ್ಬೇಡಿ ಅಮ್ಮ.” ನರ್ಸ್ ಎದ್ದು ಬಂದು ಅವನ ಕೈಯನ್ನು ಬಿಡಿಸಿದಳು. “ಕೈ ಮುಗೀತೀನಿ. ಏನು ಬೇಕಾದ್ರೂ ಮಾಡಿ, ಆ ಉಗುರನ್ನ ಮಾತ್ರ ಕತ್ತರಿಸ್ಬೇಡಿ.”

“ಯಾಕೆ?”

ಹೇಳಿದರೆ ನಂಬುವಳೇ? ನಿನ್ನ ತಮ್ಮ ಇಂಥವನು ಎಂದರೆ ಕೇಳುವಳೇ? ಹೊಲಿಗೆಯಮ್ಮ ಆವತ್ತು ಯಾಕೆ ತಿರುಗಿ ಹೋದಳೆಂಬುದು ನರ್ಸಿಗೆ ಈಗ ಅರ್ಥವಾಯಿತು. “ಸುಮ್ಮನೆ. ಕತ್ತರಿಸ್ಬೇಡಿ ಅಷ್ಟೆ.”

ಮೇಷ್ಟ್ರ ಅಕ್ಕ ನಕ್ಕಳು. “ಈ ಕಾಲದಲ್ಲೂ ಇಂಥದ್ದನ್ನೆಲ್ಲ ನಂಬ್ತೀರಾ?”

ಅಷ್ಟರಲ್ಲಿ ಕೆಳಗೆ ಬಾಗಿಲು ಬಡಿದರು. ಒಂದು ಸಲ, ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎಂಬಂತೆ. ಆಮೇಲೆ ಇನ್ನೊಂದು ಸಲ. ಆ ಬಡಿತ ಯಾರದೆಂದು ಹೇಳಬೇಕಾಗಿರಲಿಲ್ಲ.

ನರ್ಸ್ ಬಾಗಿಲ ಕಡೆ ನೋಡಿದಳು, ಕುರ್ಚಿಯ ಕಡೆ ನೋಡಿದಳು. ಮೇಷ್ಟ್ರ ಅಕ್ಕ ಆಗಲೇ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕುಳಿತಿದ್ದಳು. “ಹೋಗಿ ಬನ್ನಿ, ನಾನಿದೀನಲ್ಲ” ಎಂದಳು. ಅವಳ ಕೈಚೀಲ ಕಾಲ ಬಳಿ ಮುಚ್ಚಿದ ಹಾಗೇ ಇತ್ತು. ಎರಡೇ ನಿಮಿಷ ಎಂದುಕೊಂಡು ನರ್ಸ್ ಮೆಟ್ಟಿಲಿಳಿದು ಓಡಿದಳು.

ಬೀಗ ತೆಗೆದಳು. ತಂಗಿ ನಿಂತಿದ್ದಳು. ಒಂದು ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಕೈಯಲ್ಲಿ ಎರಡು ವರ್ಷದ ಹಿಂದಿನ ಅದೇ ಚೀಲ. ಅಕ್ಕ ಅವಳನ್ನು ಎದೆಗೆ ಅವುಚಿಕೊಂಡಳು. ಮೂಲೆಯ ಮಂಚದ ಮೇಲೆ ಹೊಲಿಗೆಯಮ್ಮ ಮಗುವಿನಂತೆ ಉಸಿರಾಡುತ್ತ ಮಲಗಿದ್ದಳು. ಮನೆ ನಿಶ್ಶಬ್ದವಾಗಿತ್ತು.

“ನಾನು ಇಲ್ಲಿರಬಹುದಾ ಅಕ್ಕ?” ತಂಗಿ ಕೇಳಿದಳು.

ಇರು ಎನ್ನಲು ಅಕ್ಕ ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚಲಿಲ್ಲ. ಮೈ ಸಡಿಲವಾಯಿತು, ತಲೆ ಭಾರವಾಯಿತು, ಕಣ್ಣಂಚಿನಲ್ಲಿ ನೀರು ಬಂತು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಅವಳಿಗೆ ಆಕಳಿಕೆ ಬಂದಿತ್ತು.